ನಂಬುವ ಮನಸ್ಸು, ಬರೆಯುವ ಕೈ ಮತ್ತು ನ್ಯಾಯಪೀಠ

ಪ್ರಶ್ನೆ: ನಾನು ದಾವಣಗೆರೆಯ ನ್ಯಾಯಾಲಯದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಪ್ರಾಕ್ಟೀಸ್ ಮಾಡುತ್ತಿರುವ ಯುವ ವಕೀಲೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಬೇಕೆಂದಿದ್ದೇನೆ. ನಮ್ಮದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆತನ. ದಿನವೂ ಪೂಜೆ ಮುಗಿಸಿಯೇ ಕೋರ್ಟಿಗೆ ಹೊರಡುತ್ತೇನೆ. ಕಾಲೇಜಿನ ದಿನಗಳಿಂದ ಕವಿತೆಯನ್ನೂ ಬರೆಯುತ್ತಿದ್ದೇನೆ. "ಜಡ್ಜ್ ಆಗಬೇಕೆಂದರೆ ಭಕ್ತಿ, ಕವಿತೆ ಎರಡನ್ನೂ ಕೋರ್ಟಿನ ಗೇಟಿನ ಹೊರಗೆ ಬಿಟ್ಟು ಬರಬೇಕು" ಎಂದು ನಮ್ಮ ಸೀನಿಯರ್ ಹೇಳುತ್ತಾರೆ. ಇದು ನಿಜವೇ? ನನ್ನ ವಯಸ್ಸಿನವರೇ ಆರೋಪಿಗಳಾಗಿ ಎದುರು ನಿಂತಾಗ ಮನಸ್ಸು ಕರಗಿದರೆ ಏನು ಮಾಡಬೇಕು? ಕೆಲಸಕ್ಕೆ ಸೇರಿದ ಮೇಲೆ ಕವಿತೆ ಪ್ರಕಟಿಸುವುದನ್ನು ನಿಲ್ಲಿಸಬೇಕೇ?

ನಿವೃತ್ತ ಜಿಲ್ಲಾ ನ್ಯಾಯಾಧೀಶರ ಉತ್ತರ:

ನಿಮ್ಮ ಸೀನಿಯರ್ ಕೊಟ್ಟ ಎಚ್ಚರಿಕೆಯಲ್ಲಿ ತೂಕವಿದೆ. ಆದರೆ ಅವರು ಗೆರೆ ಎಳೆದ ಜಾಗವನ್ನು ನಾನು ಒಪ್ಪುವುದಿಲ್ಲ. ನ್ಯಾಯಾಧೀಶರಾದವರು ನಾಸ್ತಿಕರಾಗಿರಬೇಕೆಂದು ನಮ್ಮ ಯಾವ ಕಾನೂನೂ ಹೇಳಿಲ್ಲ. ಸಂವಿಧಾನದ 25ನೇ ವಿಧಿ ಕೊಟ್ಟಿರುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ಪೀಠದಲ್ಲಿ ಕುಳಿತವರಿಗೂ ಇದೆ. ಕಾನೂನು ನಮ್ಮಿಂದ ಬಯಸುವುದು ಇಷ್ಟನ್ನು: ತೀರ್ಪಿನಲ್ಲಿ ನೀವು ಬರೆಯುವ ಪ್ರತಿಯೊಂದು ಕಾರಣವನ್ನೂ ನಿಮ್ಮ ದೇವರನ್ನು ನಂಬದ ಮನುಷ್ಯ ಓದಿ ಅರ್ಥಮಾಡಿಕೊಳ್ಳುವಂತಿರಬೇಕು, ಒಪ್ಪಿಗೆಯಾಗದಿದ್ದರೆ ಅದೇ ಹಾಳೆಯನ್ನು ಹಿಡಿದು ಮೇಲ್ಮನವಿಗೆ ಹೋಗಲು ಅವನಿಗೆ ಸಾಧ್ಯವಾಗಬೇಕು. "ನನ್ನ ಒಳಮನಸ್ಸಿಗೆ ಹೀಗೆ ತೋರಿತು" ಎಂಬುದನ್ನು ಯಾವ ಮೇಲ್ಮನವಿ ನ್ಯಾಯಾಲಯವೂ ಪರಿಶೀಲಿಸಲಾರದು. ಹಾಳೆಯ ಮೇಲೆ ಬರೆಯಲಾಗದ ಕಾರಣದಿಂದ ಯಾರ ಸೋಲು ಗೆಲುವನ್ನೂ ತೀರ್ಮಾನಿಸಬಾರದು. ಭಕ್ತಿಗೂ ಕವಿತೆಗೂ ನಾನು ಇಟ್ಟುಕೊಂಡಿದ್ದ ಅಳತೆ ಇದೊಂದೇ.

ಜಗತ್ತಿನ ನ್ಯಾಯಾಧೀಶರ ನಡತೆಗೆ ಇಂದು ಆಧಾರವೆಂದು ಹೇಳುವ ತತ್ತ್ವಗಳ ಕರಡು ಸಿದ್ಧವಾದದ್ದು 2001ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. 2002ರಲ್ಲಿ ಹೇಗ್ ನಗರದಲ್ಲಿ ಪರಿಷ್ಕಾರಗೊಂಡರೂ ಅವುಗಳಿಗೆ ಬೆಂಗಳೂರಿನ ಹೆಸರೇ ಉಳಿದಿದೆ. ನಿಷ್ಪಕ್ಷಪಾತ ಒಳಗಿದ್ದರೆ ಸಾಲದು, ಹೊರಗಿನಿಂದ ನೋಡುವ ವಿವೇಕಿಗೂ ಅದು ಕಾಣಬೇಕು ಎಂಬುದು ಅವುಗಳ ತಿರುಳು. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಪೀಠವೇರಬಹುದೇ ಎಂದು ಕಿರಿಯರು ನನ್ನನ್ನು ಕೇಳುವುದುಂಟು. ನಾನು ಮನೆಯಲ್ಲಿ ಇಟ್ಟುಕೊಂಡು ಛೇಂಬರಿನಲ್ಲಿ ಒರೆಸಿಕೊಳ್ಳುತ್ತಿದ್ದೆ. ಯಾವ ನಿಯಮವೂ ಹಾಗೆ ಮಾಡೆಂದು ಹೇಳಿರಲಿಲ್ಲ; ಎದುರು ನಿಲ್ಲುವ ಎಲ್ಲರಿಗೂ ನನ್ನ ಹಣೆ ಒಂದೇ ತರಹ ಕಾಣಲಿ ಎಂಬ ಆಸೆ ಅಷ್ಟೆ. ಬೇರೆಯವರು ಬೇರೆ ರೀತಿ ಯೋಚಿಸಬಹುದು.

ನಂಬಿಕೆ ಕೋರ್ಟಿನೊಳಗೆ ಬರುವುದು ನ್ಯಾಯಾಧೀಶರ ಜೊತೆಗಲ್ಲ, ಮೊದಲು ಸಾಕ್ಷಿಯ ಜೊತೆಗೆ. ಕಟಕಟೆ ಹತ್ತಿದವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರೆತ್ತದೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. 1969ರ ಪ್ರಮಾಣ ವಚನಗಳ ಅಧಿನಿಯಮ ಎರಡಕ್ಕೂ ಒಂದೇ ಬೆಲೆ ಕೊಡುತ್ತದೆ. ಆದರೆ ನಮ್ಮ ಕಡೆಯ ಕಕ್ಷಿದಾರರಿಗೆ ಇಷ್ಟರಿಂದ ತೃಪ್ತಿಯಾಗುವುದಿಲ್ಲ. ಕೈಗಡದ ದಾವೆಗಳಲ್ಲಿ, ಬದುವಿನ ವ್ಯಾಜ್ಯಗಳಲ್ಲಿ, ಮಾತು ಮುಗಿಯಿತೆನ್ನುವ ಹೊತ್ತಿಗೆ ಯಾರಾದರೊಬ್ಬರು ಕೈಮುಗಿದು, "ಸ್ವಾಮಿ, ಅವ್ನು ದುಗ್ಗಮ್ಮನ ಗುಡಿಗೆ ಬಂದು ದೀಪ ಆರಿಸ್ಲಿ, ನಾನು ಕೇಸೇ ಬಿಟ್ಟು ಬಿಡ್ತೀನಿ" ಎನ್ನುತ್ತಾರೆ. ದೇವಿಯ ಮುಂದೆ ದೀಪ ಆರಿಸುವುದೆಂದರೆ ಆಣೆ ಇಡುವುದು; ದಾವಣಗೆರೆಯಲ್ಲಿ ಈ ಮಾತನ್ನು ಹಗುರವಾಗಿ ಯಾರೂ ಆಡುವುದಿಲ್ಲ. ಉಚ್ಚಂಗಿದುರ್ಗದ ಸೀಮೆಯವರಾದರೆ ಉಚ್ಚಂಗೆಮ್ಮನ ಹೆಸರು, ಚಳ್ಳಕೆರೆ ಕಡೆಯವರಾದರೆ ನಿಮ್ಮ ತಿಪ್ಪೇರುದ್ರಸ್ವಾಮಿಯ ಹೆಸರು ಬರುತ್ತದೆ.

ಹಿಂದೆ, ಅಂದರೆ 1873ರ ಹಳೆಯ ಪ್ರಮಾಣ ಕಾಯಿದೆ ಇದ್ದಾಗ, ಎದುರು ಪಕ್ಷದವರು ಇಂಥ ವಿಶೇಷ ಪ್ರಮಾಣ ಮಾಡಿದರೆ ಅದಕ್ಕೆ ತಾನು ಬದ್ಧನೆಂದು ಕಕ್ಷಿದಾರ ಹೇಳಲು ಕಾನೂನಿನಲ್ಲಿಯೇ ಅವಕಾಶವಿತ್ತು. 1969ರ ಅಧಿನಿಯಮ ಅದನ್ನು ಕೈಬಿಟ್ಟಿತು. ದೇವರನ್ನು ನಂಬುವವನಾಗಿಯೇ ನಾನು ಈ ಬದಲಾವಣೆಯನ್ನು ಸರಿಯೆನ್ನುತ್ತೇನೆ. ನಮ್ಮ ಹಿರಿಯರು ಸತ್ಯಕ್ಕೂ ಆಣೆ ಇಡಬಾರದೆಂದು ಹೇಳಿ ಬೆಳೆಸಿದ್ದಾರೆ. ಮನೆಯಲ್ಲಿ ಬಾಣಂತಿ ಮಗಳಿರುವಾಗ, ಮಗನ ಮದುವೆ ಗೊತ್ತಾಗಿರುವಾಗ, ನೂರಕ್ಕೆ ನೂರು ನಿಜವನ್ನೇ ಹೇಳುತ್ತಿರುವ ರೈತನೂ ದೇವಿಯ ಮುಂದೆ ದೀಪ ಆರಿಸಲು ಹಿಂದೆ ಸರಿಯುತ್ತಾನೆ. ಯಾವುದಕ್ಕೂ ಅಂಜದವನು ನೇರವಾಗಿ ಹೋಗಿ ಆರಿಸಿ ಬರುತ್ತಾನೆ. ಆಣೆಯನ್ನೇ ಸಾಕ್ಷ್ಯವೆಂದು ಹಿಡಿದರೆ ಭಯಭಕ್ತಿ ಇರುವವನು ಸೋಲುತ್ತಾನೆ, ಅದಿಲ್ಲದವನು ಗೆಲ್ಲುತ್ತಾನೆ. ನಂಬಿಕೆಯ ಒಳಗಿನ ಈ ನಡೆ ಭಕ್ತಿಯ ಮನೆಯಲ್ಲಿ ಬೆಳೆದವರಿಗೆ ಬೇಗ ತಿಳಿಯುತ್ತದೆ. ನಿಮ್ಮ ಭಕ್ತಿಯನ್ನು ಗೇಟಿನ ಹೊರಗೆ ಬಿಡಬೇಡಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಸಾಕ್ಷಿ ಆಣೆಗೆ ಹಿಂಜರಿದಾಗ ಅವನು ಸುಳ್ಳುಗಾರನೆಂದು ನೀವು ಅವಸರದಲ್ಲಿ ತೀರ್ಮಾನಿಸುವುದಿಲ್ಲ. ಇಬ್ಬರೂ ಒಪ್ಪಿ ರಾಜಿಯಾಗುವುದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ನೇ ನಿಯಮವಿದೆ. ಅಲ್ಲಿ ಬರೆದು ಸಹಿ ಮಾಡಿದ ಷರತ್ತುಗಳು ಮುಖ್ಯವಾಗುತ್ತವೆ, ಆ ಷರತ್ತುಗಳಿಗೆ ಅವರು ಯಾವ ಗುಡಿಯ ಮೆಟ್ಟಿಲಲ್ಲಿ ಕುಳಿತು ಬಂದರು ಎಂಬುದು ನಮಗೆ ಬೇಡ.

1969ರ ಪ್ರಮಾಣ ವಚನಗಳ ಅಧಿನಿಯಮದ 4ನೇ ಕಲಮಿನಲ್ಲಿ ಮಕ್ಕಳ ಬಗ್ಗೆ ಒಂದು ಮಾತಿದೆ. ಹನ್ನೆರಡು ವರ್ಷದೊಳಗಿನ ಮಗುವಿಗೆ ಪ್ರಮಾಣವೆಂದರೇನೆಂದು ತಿಳಿಯದಿದ್ದರೂ ನಿಜ ಹೇಳಬೇಕೆಂಬುದು ತಿಳಿದಿದ್ದರೆ ಪ್ರಮಾಣವಿಲ್ಲದೆಯೇ ಆ ಮಗುವಿನ ಸಾಕ್ಷ್ಯವನ್ನು ದಾಖಲಿಸಬಹುದು. ಇದನ್ನು ನಿರ್ಧರಿಸಲು ನ್ಯಾಯಾಧೀಶರು ಮೊದಲು ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ. ಹಲ್ಲೆಯ ಪ್ರಕರಣವೊಂದರಲ್ಲಿ ಸಾಕ್ಷಿಯಾಗಿ ಬಂದಿದ್ದ ಪುಟ್ಟ ಹುಡುಗಿಯನ್ನು ನಾನು, "ಸುಳ್ಳು ಹೇಳಿದರೆ ಏನಾಗುತ್ತೆ ಪುಟ್ಟಿ?" ಎಂದು ಕೇಳಿದೆ. ದೇವರು ಶಿಕ್ಷಿಸುತ್ತಾನೆ ಎಂಬ ಉತ್ತರವೇ ಸಾಮಾನ್ಯವಾಗಿ ಬರುವುದು; ಕರೆತಂದವರು ಅದನ್ನು ಹೇಳಿಕೊಟ್ಟೂ ಇರುತ್ತಾರೆ. ಆಕೆ ಸ್ವಲ್ಪ ಯೋಚಿಸಿ, "ಏನೂ ಮಾಡ್ದೇ ಇರೋರನ್ನ ಒಳಗೆ ಹಾಕ್ತಾರಲ್ರೀ" ಎಂದಳು. ದೇವರ ಹೆಸರಿಲ್ಲದ ಆ ಉತ್ತರದಲ್ಲಿ ಕಾನೂನು ಬಯಸುವ ತಿಳಿವಳಿಕೆ ಪೂರ್ತಿಯಾಗಿತ್ತು. ಅವಳ ಉತ್ತರವನ್ನು ಅವಳ ಮಾತಿನಲ್ಲಿಯೇ ಬರೆಸಿ ಮುಂದುವರಿದೆ.

ಇನ್ನು ನಿಮ್ಮ ಮನೆದೇವರ ಸಂಪ್ರದಾಯವೇ ಕಟಕಟೆಗೆ ಬಂದರೆ? ಬರುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಗೆ ಊರಿಗೆ ಊರೇ ನೆಂಟರಿಂದ ತುಂಬುತ್ತದೆ. ಪ್ರಾಣಿಬಲಿಯನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ 1959ರಿಂದಲೇ ಇದೆ. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿ ಬಹುಕಾಲ ಉಳಿದಿದ್ದ ಸೀಮೆಗಳಲ್ಲಿ ನಮ್ಮ ನೆರೆಹೊರೆಯೂ ಒಂದು. ಅದನ್ನು ತಡೆಯಲು 1982ರಲ್ಲಿಯೇ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಬಂತು. ಇಂಥ ಪ್ರಕರಣದಲ್ಲಿ ಭಕ್ತರಾದ ನ್ಯಾಯಾಧೀಶರು ತಮ್ಮ ಭಕ್ತಿಯನ್ನು ಮುಂದೊಡ್ಡಿ ಕಾನೂನನ್ನು ಸಡಿಲಗೊಳಿಸಲೂಬಾರದು, ತಾವು ಭಕ್ತರಲ್ಲವೆಂದು ತೋರಿಸಿಕೊಳ್ಳಲು ಬಿಗಿಯನ್ನು ಹೆಚ್ಚಿಸಲೂಬಾರದು. ಎರಡನೆಯದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ, ಆದರೆ ಅದೂ ಪಕ್ಷಪಾತವೇ. ಇನ್ನೊಬ್ಬರ ನಂಬಿಕೆ ನಿಮಗೆ ವಿಚಿತ್ರವೆನಿಸಿದಾಗ 1986ರ ಬಿಜೋಯ್ ಇಮ್ಯಾನ್ಯುಯೆಲ್ ತೀರ್ಪನ್ನು ಮತ್ತೊಮ್ಮೆ ಓದಿ. ರಾಷ್ಟ್ರಗೀತೆಯ ವೇಳೆ ಗೌರವದಿಂದ ನಿಂತರೂ ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡದಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆ ಹೊರಹಾಕಿದ್ದನ್ನು ಸುಪ್ರೀಂ ಕೋರ್ಟ್ ರದ್ದುಮಾಡಿತು. ಆ ನಂಬಿಕೆ ನ್ಯಾಯಾಧೀಶರ ಬುದ್ಧಿಗೆ ಒಪ್ಪುತ್ತದೆಯೇ ಎಂದು ನೋಡದೆ, ಅದನ್ನು ಹಿಡಿದವರು ಪ್ರಾಮಾಣಿಕವಾಗಿ ಹಿಡಿದಿದ್ದಾರೆಯೇ ಎಂದು ನೋಡಿದ ತೀರ್ಪು ಅದು.

ನಂಬಿಕೆ ಬೇರೆ, ಹಿತಾಸಕ್ತಿ ಬೇರೆ ಎಂಬುದನ್ನು ಮಾತ್ರ ಮರೆಯಬೇಡಿ. ದೇವಸ್ಥಾನವೊಂದರ ಆಡಳಿತದ ದಾವೆ ನನ್ನ ಮುಂದೆ ಬಂದಾಗ, ನಮ್ಮ ಮನೆಯವರು ಆ ದೇವಸ್ಥಾನಕ್ಕೆ ವರ್ಷವೂ ಸೇವೆ ಸಲ್ಲಿಸುತ್ತಿದ್ದುದರಿಂದ, ಎರಡೂ ಕಡೆಯ ವಕೀಲರಿಗೆ ಅದನ್ನು ತಿಳಿಸಿ, ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸುವಂತೆ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಪತ್ರ ಬರೆದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಲ್ಲಿ ಅವರಿಗೆ ಆ ಅಧಿಕಾರವಿದೆ. ಇಬ್ಬರು ವಕೀಲರೂ "ನಿಮ್ಮ ಮೇಲೆ ನಮಗೆ ಅನುಮಾನವಿಲ್ಲ, ಸರ್" ಎಂದರು. ಆದರೆ ಆ ದಾವೆಯ ಕಕ್ಷಿದಾರರಲ್ಲಿ ಒಬ್ಬರು ಸೋಲಲೇಬೇಕಿತ್ತು, ಸೋತ ದಿನ ಅವರ ಮನಸ್ಸಿಗೆ ಏನನ್ನಿಸಬಹುದು ಎಂದು ಯೋಚಿಸುವುದು ನನ್ನ ಹೊಣೆಯಾಗಿತ್ತು.

ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯಲ್ಲಿ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಜನ ತಮ್ಮ ವ್ಯಾಜ್ಯಗಳನ್ನು ತಾವಾಗಿಯೇ ಒಯ್ಯುವುದನ್ನು ನೀವು ಬಲ್ಲಿರಿ. ಗುರುಗಳ ಮಾತಿನ ಮೇಲಿನ ವಿಶ್ವಾಸದಿಂದ ಅಣ್ಣತಮ್ಮಂದಿರು ಒಂದಾಗುವುದಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕೋರ್ಟಿನ ವಾಯಿದೆಗಳಲ್ಲಿ ಸವೆಯುವುದು ಅವರಿಗೆ ತಪ್ಪುತ್ತದೆ. ನಮ್ಮ ಪೀಠದ ಸ್ವರೂಪವೇ ಬೇರೆ. ಪ್ರತಿವಾದಿ ನಮ್ಮ ಮುಂದೆ ಇಷ್ಟಪಟ್ಟು ಬಂದಿರುವುದಿಲ್ಲ, ಸಮನ್ಸ್ ಜಾರಿಯಾದದ್ದರಿಂದ ಬಂದಿರುತ್ತಾನೆ. ಒತ್ತಾಯದಿಂದ ಕರೆಸಿಕೊಂಡವನಿಗೆ ನಮ್ಮ ನಂಬಿಕೆಯ ಮಾತಿನಲ್ಲಿ ಉತ್ತರ ಹೇಳುವ ಹಕ್ಕು ನಮಗೆ ಇಲ್ಲ.

ಹಾಗಾದರೆ ಭಕ್ತಿಗೆ ಪೀಠದಲ್ಲಿ ಕೆಲಸವೇನು ಎಂದು ನೀವು ಕೇಳಬಹುದು. ತೀರ್ಪು ಹೇಳುವ ಬೆಳಗ್ಗೆ ನಾನು ದೇವರ ಮುಂದೆ ನಿಲ್ಲುತ್ತಿದ್ದುದು ನಿಜ. "ಸತ್ಯವನ್ನು ತೋರಿಸು" ಎಂದು ಎಂದೂ ಬೇಡಲಿಲ್ಲ. ಸತ್ಯ ಎಷ್ಟು ಸಿಕ್ಕಬೇಕೋ ಅಷ್ಟು ಕಡತದೊಳಗೇ ಸಿಕ್ಕಬೇಕು, ಬೇರೆ ದಾರಿಯಿಂದ ಬಂದದ್ದು ನನಗೆ ಬೇಕಿರಲಿಲ್ಲ. ಇಡೀ ಕಡತವನ್ನು ಓದುವ ತಾಳ್ಮೆ ಕೊಡು, ಒಂದು ಕಡೆಯವರ ಮೇಲೆ ಹುಟ್ಟಿದ ಸಿಟ್ಟನ್ನು ಇಳಿಸು ಎಂದು ಬೇಡುತ್ತಿದ್ದೆ. ಕೊಲೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿ ಮನೆಗೆ ಬಂದ ರಾತ್ರಿ, ಅಪರಾಧಿಯ ತಾಯಿ ಕಾರಿಡಾರಿನಲ್ಲಿ ಕುಸಿದು ಕುಳಿತದ್ದು ಕಣ್ಣ ಮುಂದೆ ಬರುತ್ತಿರುವಾಗ, ಮರುದಿನ ಮತ್ತೆ ಅದೇ ಕುರ್ಚಿಯಲ್ಲಿ ಕೂರುವ ಶಕ್ತಿಯನ್ನು ನನಗೆ ಕೊಟ್ಟದ್ದು ನನ್ನ ನಂಬಿಕೆಯೇ. ನಿಮ್ಮ ಮನೆದೇವರ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ಶಿಕ್ಷೆಯ ಪ್ರಮಾಣವನ್ನು ಯೋಚಿಸುವಾಗ ನನಗೂ ನೆನಪಾಗುತ್ತಿತ್ತು. ಆದರೆ ಎಷ್ಟು ಮಾಡಿದ್ದಾನೆಂಬುದನ್ನು ಮೊದಲು ಸಾಕ್ಷ್ಯ ಹೇಳಬೇಕು, ನೀಡುವುದಕ್ಕೆ ಕಾನೂನಿನ ಕಲಮು ಬೇಕು.

ಕವಿತೆಯ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಸೀನಿಯರ್ ಜೊತೆ ನನ್ನ ಭಿನ್ನಾಭಿಪ್ರಾಯ ಇನ್ನೂ ಹೆಚ್ಚು. ವಿಚಾರಣಾ ನ್ಯಾಯಾಲಯದ ಹೃದಯವಿರುವುದು ತೀರ್ಪಿನಲ್ಲಲ್ಲ, ಸಾಕ್ಷ್ಯ ದಾಖಲಿಸುವುದರಲ್ಲಿ. ತೀರ್ಪು ತಪ್ಪಾದರೆ ಮೇಲಿನವರು ತಿದ್ದುತ್ತಾರೆ. ಸಾಕ್ಷಿಯ ಮಾತನ್ನು ತಪ್ಪಾಗಿ ಬರೆಸಿಕೊಂಡರೆ ತಿದ್ದುವವರು ಯಾರೂ ಇಲ್ಲ. ಹೈಕೋರ್ಟಾಗಲಿ ಸುಪ್ರೀಂ ಕೋರ್ಟಾಗಲಿ ಓದುವುದು ನಿಮ್ಮ ಮುಂದೆ ಬರೆದ ಆ ಹಾಳೆಗಳನ್ನೇ. ನಮ್ಮ ಜಿಲ್ಲಾ, ತಾಲ್ಲೂಕು ನ್ಯಾಯಾಲಯಗಳಲ್ಲಿ ಈ ಹಾಳೆಗಳು ಕನ್ನಡದಲ್ಲಿರುತ್ತವೆ. ಅಲ್ಲಿ ಏನಾಗುತ್ತದೆಂಬುದನ್ನು ನೀವೇ ದಿನವೂ ನೋಡುತ್ತಿದ್ದೀರಿ. ಹೊಲದಲ್ಲಿ ನಡೆದ ಹೊಡೆದಾಟವನ್ನು ಕಂಡ ಹೆಂಗಸು, "ಧೂಳು ಎದ್ದಿತ್ತು ಸ್ವಾಮಿ, ಕೂಗು ಕೇಳ್ತು, ಓಡಿ ಬಂದೆ, ಆವಾಗ ಅವ್ನು ಬಿದ್ದಿದ್ದ, ಇವ್ನ ಕೈಯಾಗ ಕೋಲಿತ್ತು" ಎನ್ನುತ್ತಾಳೆ. ಹಾಳೆಯ ಮೇಲೆ "ಆರೋಪಿಯು ಕೋಲಿನಿಂದ ಹೊಡೆದಿದ್ದನ್ನು ನಾನು ನೋಡಿರುತ್ತೇನೆ" ಎಂದು ಮೂಡುತ್ತದೆ. ಯಾರ ದುರುದ್ದೇಶವೂ ಅಲ್ಲಿಲ್ಲ; ಸಾವಿರ ಸಾಕ್ಷಿಗಳನ್ನು ಬರೆದ ಕೈಗೆ ಆ ವಾಕ್ಯ ರೂಢಿಯಾಗಿಬಿಟ್ಟಿರುತ್ತದೆ. ಆದರೆ ಆಕೆ ಹೊಡೆತವನ್ನು ನೋಡಿಲ್ಲ. ಹೊಡೆದ ಮೇಲೆ ಬಂದಿದ್ದಾಳೆ. ಒಬ್ಬನ ಬದುಕು ಆ ಎರಡು ವಾಕ್ಯಗಳ ನಡುವಿನ ಅಂತರದಲ್ಲಿದೆ.

ಕವಿತೆ ಬರೆಯುವ ಕಿವಿಗೆ ಈ ಅಂತರ ತಕ್ಷಣ ಕೇಳಬೇಕು. ಯಾವ ಮಾತು ಮೊದಲು ಬಂತು, ಯಾವುದು ಆಮೇಲೆ, ಎಲ್ಲಿ ಉಸಿರು ನಿಂತಿತು, ಪಾಟೀಸವಾಲಿನಲ್ಲಿ ವಕೀಲರ ಪ್ರಶ್ನೆಗೆ "ಹೌದು" ಎಂದವಳು ಪ್ರಶ್ನೆಯ ಯಾವ ಭಾಗಕ್ಕೆ ಹೌದೆಂದಳು ಎಂಬುದೆಲ್ಲ ಗಮನಕ್ಕೆ ಬರಬೇಕು. ಅನುಮಾನ ಬಂದರೆ ಸ್ಟೆನೋವನ್ನು ನಿಲ್ಲಿಸಿ ಮತ್ತೆ ಓದಿಸಿ, ಸಾಕ್ಷಿಯನ್ನು ಕೇಳಿ. ಕೆಲಸ ನಿಧಾನವಾಗುತ್ತದೆ, ಬೆಂಚ್ ಕ್ಲರ್ಕ್ ಗಡಿಯಾರ ನೋಡುತ್ತಾರೆ, ಆಗಲಿ. ಬೇರೆಯವರ ಮಾತಿನ ಜಾಗದಲ್ಲಿ ನಮ್ಮ ಮಾತನ್ನು ಕೂರಿಸದಿರುವ ಶಿಸ್ತನ್ನು ನಾನು ಕಲಿತದ್ದು ಕಾನೂನಿನ ಪುಸ್ತಕಗಳಿಗಿಂತ ಹೆಚ್ಚಾಗಿ ಪದ್ಯದ ಸಾಲುಗಳನ್ನು ತಿದ್ದುತ್ತ ಕುಳಿತಾಗ.

ಆದರೆ ಇದೇ ಕವಿಮನಸ್ಸು ಎರಡು ಕಡೆ ಅಪಾಯಕಾರಿ. ಮೊದಲನೆಯದು ಮುಖ ಓದುವುದು. ಸಾಕ್ಷಿಯ ಹಾವಭಾವದ ಬಗ್ಗೆ ಟಿಪ್ಪಣಿ ಬರೆಯಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 12ನೇ ನಿಯಮ ಅವಕಾಶ ಕೊಡುತ್ತದೆ. ನಡುಗುವ ಕೈ, ತಗ್ಗಿಸಿದ ಕಣ್ಣು ಕಂಡ ಕೂಡಲೇ ಕವಿಯ ಮನಸ್ಸು ಕಥೆ ಕಟ್ಟುತ್ತದೆ. ಜಗಳೂರಿನ ಹಳ್ಳಿಯಿಂದ ಮೊದಲ ಬಾರಿ ಕೋರ್ಟು ಕಂಡವರ ಕೈ ನಿಜ ಹೇಳುವಾಗಲೂ ನಡುಗುತ್ತದೆ. ಕಂಡದ್ದನ್ನು ಬರೆಯಿರಿ, ಅದರ ಅರ್ಥವನ್ನು ಕಟ್ಟಬೇಡಿ.

ಎರಡನೆಯದು ತೀರ್ಪಿನ ಭಾಷೆ. ತೀರ್ಪಿನಲ್ಲಿ ಪದ್ಯ ಉದ್ಧರಿಸುವುದನ್ನು, ನೊಂದವರ ಕಣ್ಣೀರನ್ನು ವರ್ಣಿಸುವುದನ್ನು ನಾನು ಮೆಚ್ಚುವುದಿಲ್ಲ. ಸೋತವನು ತನ್ನ ಸೋಲಿಗೆ ಕಾರಣವನ್ನು ಹುಡುಕುತ್ತ ಓದುತ್ತಿರುತ್ತಾನೆ, ಅವನ ಮುಂದೆ ನಮ್ಮ ರಸಿಕತೆಯನ್ನು ಇಡುವುದು ಕ್ರೌರ್ಯ. ಭಾವನೆ ಎಷ್ಟು ದೂರ ಒಯ್ಯಬಲ್ಲದೆಂಬುದಕ್ಕೆ ಮಧ್ಯಪ್ರದೇಶದ ಪ್ರಕರಣವೊಂದಿದೆ. ಮಹಿಳೆಯೊಬ್ಬರ ಮನೆಗೆ ನುಗ್ಗಿ ಕಿರುಕುಳ ಕೊಟ್ಟ ಆರೋಪ ಹೊತ್ತವನಿಗೆ 2020ರಲ್ಲಿ ಜಾಮೀನು ಕೊಡುವಾಗ, ಆಕೆಯ ಮನೆಗೆ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕೆಂಬ ಷರತ್ತು ಹಾಕಲಾಗಿತ್ತು. ಹಬ್ಬ ಪವಿತ್ರವಾದದ್ದೇ, ಕಲ್ಪನೆಯೂ ಮೇಲುನೋಟಕ್ಕೆ ಸುಂದರವೇ. ಆದರೆ ಯಾರಿಗೆ ಹೆದರಿ ದೂರು ಕೊಟ್ಟಿದ್ದಳೋ ಅವನೇ ಬಾಗಿಲಿಗೆ ಬಂದು ಕೈಚಾಚುವುದು ಆಕೆಗೆ ಏನಾಗಿ ಕಂಡೀತು? 2021ರ ಮಾರ್ಚ್‌ನಲ್ಲಿ ಅಪರ್ಣಾ ಭಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ತೆಗೆದುಹಾಕಿ, ಇಂಥ ಷರತ್ತುಗಳೂ ಹೆಣ್ಣಿನ ಬಗೆಗಿನ ಸಿದ್ಧ ಕಲ್ಪನೆಗಳೂ ಆದೇಶಗಳಲ್ಲಿ ಇರಕೂಡದೆಂದು ಎಲ್ಲ ನ್ಯಾಯಾಲಯಗಳಿಗೆ ನಿರ್ದೇಶನ ಕೊಟ್ಟಿತು. ಪರೀಕ್ಷೆಗಾಗಿ ಮಾತ್ರವಲ್ಲ, ನಿಮಗಾಗಿ ಅದನ್ನು ಪೂರ್ತಿ ಓದಿ.

ಎದುರು ನಿಂತ ಯುವಕರನ್ನು ಕಂಡು ಮನಸ್ಸು ಕರಗುವುದರ ಬಗ್ಗೆ ಕೇಳಿದ್ದೀರಿ. ಕರಗಲಿ. ಆದರೆ ಕರಗಿದ ಮನಸ್ಸು ಕಾನೂನು ತೆರೆದಿಟ್ಟ ಬಾಗಿಲಿನಿಂದಲೇ ಹೊರಗೆ ಬರಬೇಕು, ಆ ಬಾಗಿಲುಗಳು ಎಲ್ಲಿವೆಯೆಂದು ನಿಮಗೆ ತಿಳಿದಿರಬೇಕು. 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಅಧಿನಿಯಮದ 6ನೇ ಕಲಮು ನಮ್ಮಲ್ಲಿ ಬಳಕೆಯಾಗಬೇಕಾದಷ್ಟು ಬಳಕೆಯಾಗುತ್ತಿಲ್ಲವೆಂಬುದು ನನ್ನ ಅನಿಸಿಕೆ. ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧದಲ್ಲಿ ತಪ್ಪಿತಸ್ಥರಾದವರು ಇಪ್ಪತ್ತೊಂದು ವರ್ಷದೊಳಗಿನವರಾದರೆ ಜೈಲಿಗೆ ಕಳುಹಿಸದಿರುವುದೇ ಅಲ್ಲಿ ನಿಯಮ. ಕಳುಹಿಸುವುದಾದರೆ ಪ್ರೊಬೇಷನ್ ಅಧಿಕಾರಿಯ ವರದಿಯನ್ನು ತರಿಸಿ ನೋಡಿ, ಕಾರಣಗಳನ್ನು ಬರೆಯಬೇಕು. ಮೊಬೈಲ್ ಕದ್ದ ಪ್ರಕರಣದಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುತ್ತಿದ್ದ ಹುಡುಗನೊಬ್ಬ ತಪ್ಪಿತಸ್ಥನಾದಾಗ ನಾನು ಆ ವರದಿಯನ್ನು ತರಿಸಿದೆ. ತಂದೆ ಇಲ್ಲ, ತಂಗಿಯ ಓದು ಅವನ ಕೂಲಿಯಿಂದಲೇ ನಡೆಯುತ್ತಿದೆ, ಭಟ್ಟಿಯ ಮಾಲೀಕರು ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳಲು ಒಪ್ಪಿದ್ದಾರೆ ಎಂದು ವರದಿಯಲ್ಲಿತ್ತು. ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟೆ. ಕರುಣೆಯನ್ನು ನಾನು ತೋರಿಸಿದೆನೆನ್ನಲಾರೆ, ಸಂಸತ್ತು 1958ರಲ್ಲಿಯೇ ತೋರಿಸಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ: ಲೆಕ್ಕಕ್ಕೆ ಬರುವುದು ಅಪರಾಧ ನಡೆದ ದಿನದ ವಯಸ್ಸಲ್ಲ, ವಿಚಾರಣಾ ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಮಾನಿಸಿದ ದಿನದ ವಯಸ್ಸು ಎಂದು ಸುಪ್ರೀಂ ಕೋರ್ಟ್ ರಾಮ್‌ಜಿ ಮಿಸ್ಸರ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಹುಡುಗರ ಪ್ರಕರಣದಲ್ಲಿ ಸುಮ್ಮನೆ ಕೊಟ್ಟ ಒಂದೊಂದು ವಾಯಿದೆಯೂ ಆ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತದೆ.

ಬಾಗಿಲೇ ಇಲ್ಲದ ಕಡೆಯೂ ಇವೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೋ ಕಾಯಿದೆಯಡಿ ಹದಿನೆಂಟು ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ, ಕನಿಷ್ಠ ಶಿಕ್ಷೆಗಿಂತ ಕಡಿಮೆ ಕೊಡುವ ಅಧಿಕಾರ ವಿಚಾರಣಾ ನ್ಯಾಯಾಧೀಶರಿಗಿಲ್ಲ. ಹದಿನೇಳರ ಹುಡುಗಿ, ಇಪ್ಪತ್ತರ ಹುಡುಗ ಪ್ರೀತಿಸಿ ಊರು ಬಿಟ್ಟುಹೋದ ಪ್ರಕರಣಗಳಲ್ಲಿ ಆಕೆಯೇ ಕಟಕಟೆಯಲ್ಲಿ ನಿಂತು ಅವನ ಪರವಾಗಿ ಅಳುವುದನ್ನು ನೀವು ನೋಡಲಿದ್ದೀರಿ. ಅಂಥಲ್ಲಿ ವಯಸ್ಸಿನ ದಾಖಲೆಯನ್ನು, ನಡೆದ ಸಂಗತಿಯನ್ನು ಅತ್ಯಂತ ಎಚ್ಚರದಿಂದ ಪರೀಕ್ಷಿಸಿ, ಆಕೆಯ ಮಾತು ಒಂದೂ ಬಿಟ್ಟುಹೋಗದಂತೆ ದಾಖಲಿಸಿ. ಮೇಲಿನ ನ್ಯಾಯಾಲಯಕ್ಕೆ ಅದು ಬೇಕಾಗುತ್ತದೆ. ಅದಕ್ಕಿಂತ ಮುಂದೆ ಹೋಗುವ ಅಧಿಕಾರ ನಿಮ್ಮದಲ್ಲ. ನನ್ನ ವೃತ್ತಿಯಲ್ಲಿ ಅತ್ಯಂತ ಭಾರವೆನಿಸಿದ ದಿನಗಳು ಇವೇ.

ನಿಮಗೆ ಈಗ ಸಮಯವಿದೆ. 2025ರ ಮೇ 20ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷಗಳ ವಕೀಲಿಕೆಯನ್ನು ಮತ್ತೆ ಕಡ್ಡಾಯಗೊಳಿಸಿದೆ. ನಿಮ್ಮ ವಯಸ್ಸಿನ ಹಲವರಿಗೆ ಇದರಿಂದ ಬೇಸರವಾಗಿರುವುದು ಗೊತ್ತು. ನಾನು ಸ್ವಾಗತಿಸುತ್ತೇನೆ. ಪರೀಕ್ಷೆಯ ಓದಿನ ಜೊತೆಗೆ, ನಿಮ್ಮ ಕೇಸು ಇಲ್ಲದ ದಿನವೂ ಸಾಕ್ಷಿ ವಿಚಾರಣೆ ನಡೆಯುವ ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಕೇಳಿದ್ದನ್ನು ಸಾಕ್ಷಿಯ ಮಾತಿನಲ್ಲಿಯೇ ಬರೆದುಕೊಳ್ಳುವ ಅಭ್ಯಾಸ ಮಾಡಿ.

ಪ್ರಕಟಣೆಯ ಬಗ್ಗೆ: ನಿಲ್ಲಿಸಬೇಕಾಗಿಲ್ಲ. ನಮ್ಮ ಪಕ್ಕದ ಕೂಡ್ಲಿಗಿ ಸೀಮೆಯ ಕೋ. ಚೆನ್ನಬಸಪ್ಪನವರು ಜಿಲ್ಲಾ ನ್ಯಾಯಾಧೀಶರಾಗಿದ್ದವರು, ಸಾಹಿತಿಗಳಾಗಿ 2013ರಲ್ಲಿ ವಿಜಯಪುರದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದವರು. ಸೇವೆಗೆ ಸೇರಿದ ಕೂಡಲೇ ನಡತೆ ನಿಯಮಗಳನ್ನು ಓದಿ, ಅನುಮತಿ ಬೇಕಾದಲ್ಲಿ ಬರವಣಿಗೆಯಲ್ಲಿ ಕೇಳಿ. ನಿಮ್ಮ ಮುಂದಿರುವ ಪ್ರಕರಣವನ್ನಾಗಲಿ, ನಿಮ್ಮ ಮುಂದೆ ಮುಗಿದ ಪ್ರಕರಣದ ಮನುಷ್ಯರನ್ನಾಗಲಿ ಹೆಸರು ಬದಲಿಸಿಯೂ ಕವಿತೆಗೆ ತರಬೇಡಿ. ತಾಲ್ಲೂಕು ಕೇಂದ್ರದಲ್ಲಿ ಯಾರದೆಂದು ಎಲ್ಲರಿಗೂ ಗೊತ್ತಾಗುತ್ತದೆ, ಅವರು ತಮ್ಮ ಸಂಕಟವನ್ನು ತಂದದ್ದು ನ್ಯಾಯಾಲಯಕ್ಕೆ. ಪುಸ್ತಕ ಬಿಡುಗಡೆಗೆ ನಿಮ್ಮ ಕೋರ್ಟಿನ ವಕೀಲರಿಂದ ಒಂದು ರೂಪಾಯಿಯ ನೆರವನ್ನೂ ಪಡೆಯಬೇಡಿ, ಮುನ್ನುಡಿಯನ್ನೂ ಬರೆಸಬೇಡಿ. ಉಳಿದಂತೆ ಮಳೆ, ಬೆಟ್ಟ, ಅಡಿಕೆ ತೋಟ, ಪ್ರೀತಿ, ನಿಮ್ಮ ದೇವರು, ಎಲ್ಲವೂ ನಿಮ್ಮದೇ, ಬರೆಯಿರಿ.